ಕಿಂಡಿ ಮುಚ್ಚಿದ ಬೀಗ

ಶೀಹೆ ಪಟ್ಟಣದ ಪೊಲೀಸ್ ಠಾಣೆಗೆ ದೂರು ಬಂದದ್ದು ೧೯೮೮ರ ಮಾರ್ಚ್ ಹತ್ತನೇ ತಾರೀಕು, ಗುರುವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಬಂದವರು ಇಬ್ಬರು. ಮುಂದಿದ್ದವರು ವಸ್ತುಸಂಗ್ರಹಾಲಯದ ಮುಖ್ಯಸ್ಥ ಥ್ಯೆನ್. ಅವರ ಹಿಂದೆ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತವನು ಅಲ್ಲಿಯ ಕಾವಲುಗಾರ ದು ಮಾನ್‌ಚಾಂಗ್.

"ಏನು ದೂರು?" ಇನ್‌ಸ್ಪೆಕ್ಟರ್ ಯೆನ್ ಕೇಳಿದರು.

"ಚಿನ್ನ ಬಿರುಕು ಬಿಟ್ಟಿದೆ," ಎಂದ ದು.

"ಚಿನ್ನ ಎಲ್ಲಾದ್ರೂ ಬಿರುಕು ಬಿಡತ್ತಾ?"

"ಬಿಡಲ್ಲ ಸಾಹೇಬ್ರೆ. ಅದಕ್ಕೇ ಬಂದ್ವಿ."

ಥ್ಯೆನ್ ಅವನನ್ನು ಹಿಂದಕ್ಕೆ ಸರಿಸಿ ತಾವೇ ಹೇಳಿದರು. ಮಿಂಗ್ ಅರಸರ ಕಾಲದ ಚಿನ್ನದ ಬೀಗ, ಎರಡನೇ ದರ್ಜೆಯ ಪುರಾತನ ವಸ್ತು, ಗಾಜಿನ ಪೆಟ್ಟಿಗೆಯಿಂದ ಹೋಗಿದೆ. ಅದರ ಜಾಗದಲ್ಲಿ ಯಾರೋ ಹಿಟ್ಟಿನ ಬೀಗ ಇಟ್ಟಿದ್ದಾರೆ. ಪೆಟ್ಟಿಗೆಯ ಕೀಲಿ ಇರುವುದು ದು ಒಬ್ಬನ ಸೊಂಟದಲ್ಲಿ. "ಇನ್ನೇನು ತನಿಖೆ ಬೇಕು? ಜಿಲ್ಲೆಯಿಂದ ಹದಿನೈದಕ್ಕೆ ಜನ ಬರ್ತಾರೆ. ಅಷ್ಟರೊಳಗೆ ಇವನನ್ನ ಬಾಯಿ ಬಿಡಿಸಿ."

ದು ಮಾನ್‌ಚಾಂಗ್‌ನ ನಿವೃತ್ತಿಗೆ ಎರಡು ತಿಂಗಳಿತ್ತು. ಎರಡನೇ ದರ್ಜೆಯ ವಸ್ತು ಕದ್ದವರಿಗೆ ಹತ್ತು ವರ್ಷಕ್ಕೆ ಕಡಿಮೆ ಶಿಕ್ಷೆಯಿಲ್ಲ ಎಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಯೆನ್ ದೂರನ್ನು ದಾಖಲಿಸಿ ಎಫ್‌ಐಆರ್ ಬರೆದರು. ಪ್ರಕರಣ ಸಂಖ್ಯೆ ಹನ್ನೊಂದು.

ಹತ್ತು ಗಂಟೆಗೆ ಸ್ಥಳ ಪಂಚನಾಮೆ ಶುರುವಾಯಿತು. ಪಂಚರಾಗಿ ಪಕ್ಕದ ಶಾಲೆಯ ಮೇಷ್ಟ್ರು, ಎದುರಿನ ಧಾನ್ಯದಂಗಡಿಯ ತೂಕದವನು. ಬರೆದುಕೊಳ್ಳುವವನು ಕಾನ್‌ಸ್ಟೇಬಲ್ ಹೌ. ಅದೇ ಊರಿನಲ್ಲಿ ಹುಟ್ಟಿದವನು, ಬಾಯಿಗೆ ಬೀಗವಿಲ್ಲದವನು.

ಪೆಟ್ಟಿಗೆಯ ಬೀಗ ಸರಿಯಾಗಿತ್ತು. ದು ದಿನಾ ಸಂಜೆ ಅದರ ಮೇಲೆ ಅಂಟಿಸಿ ಮೊಹರು ಒತ್ತುವ ಕಾಗದದ ಪಟ್ಟಿಯೂ ಹರಿದಿರಲಿಲ್ಲ. ಒಳಗೆ ಕೆಂಪು ಮಕಮಲ್ಲಿನ ಮೇಲೆ ಒಂದು ಜೊತೆ ಫೀನಿಕ್ಸ್ ಮುಡಿಕಡ್ಡಿಗಳು. ಕೂದಲಿನಷ್ಟು ಸಣ್ಣ ಚಿನ್ನದ ತಂತಿಯಿಂದ ಹೆಣೆದ ರೆಕ್ಕೆಗಳು ಜನ ನಡೆದರೂ ನಡುಗುತ್ತಿದ್ದವು. ಪಕ್ಕದಲ್ಲಿ ಹಳದಿ ಬಣ್ಣದ ಬೀಗ, ನಡುವೆ ಸೀಳು. ಮುಂದಿದ್ದ ಚೀಟಿಯಲ್ಲಿ ಮೂರೇ ಪದ: ಚಿನ್ನದ ಆಯುಷ್ಯದ ಬೀಗ.

ಹೌ ಅದನ್ನು ಮೂಗಿನ ಹತ್ತಿರ ಹಿಡಿದ. "ಗೋಧಿ ಹಿಟ್ಟು ಸಾರ್. ಹಬೆಯಲ್ಲಿ ಬೇಯಿಸಿದ್ದು. ಮೇಲೆ ಮೊಟ್ಟೆ ಸವರಿದಾರೆ. ಒಳ್ಳೇ ಕೈ."

"ನೆಕ್ಕಬೇಡ. ಸಾಕ್ಷಿ ಅದು."

"ನಿನ್ನೆ ಚಳಿ ಅಂತ ಕಲ್ಲಿದ್ದಲ ಒಲೆ ಇಲ್ಲಿಗೆ ತಂದಿಟ್ಟೆ," ಎಂದ ದು. "ಕಾವಿಗೆ ಒಣಗಿ ಬಿರುಕು ಬಿಡ್ತು. ಇಲ್ದಿದ್ರೆ ಇನ್ನೂ ಎಷ್ಟು ದಿನ ಹಿಟ್ಟಿಗೇ ಮೊಹರು ಒತ್ತುತಿದ್ನೋ."

ಯೆನ್ ಕನ್ನಡಕ ಏರಿಸಿ ಹಿಟ್ಟಿನ ಬೀಗವನ್ನು ಬಹಳ ಹೊತ್ತು ನೋಡಿದರು. ಮೇಲೆ ಮೋಡದ ಸುರುಳಿಯಂಥ ಆಕಾರ. ಒಂದು ಮಗ್ಗುಲಲ್ಲಿ ಮಗುವನ್ನು ಬೆನ್ನ ಮೇಲೆ ಹೊತ್ತ ಚೀಲಿನ್, ಮನೆಗೆ ಮಕ್ಕಳನ್ನು ತರುವ ಕೊಂಬಿನ ಮೃಗ. ಎರಡು ಕಡೆ ಬಾವಲಿ, ಅದು ಭಾಗ್ಯ. ಕೆಳಗೆ ಪೀಚ್ ಹಣ್ಣು, ಅದು ಆಯುಷ್ಯ. ಎಲ್ಲವನ್ನೂ ಬಾಚಣಿಗೆಯ ಹಲ್ಲಿನಿಂದ ಒತ್ತಿ ತೆಗೆದಿದ್ದರು. ಬಲ ತುದಿಯಲ್ಲಿ ಸಣ್ಣದೊಂದು ಕೀಲಿಕಿಂಡಿ.

"ನಿಜವಾದ ಬೀಗದ ಪಟ ಇದೆಯಾ?"

ಥ್ಯೆನ್ ದಾಖಲೆಯ ಹಾಳೆ ತರಿಸಿದರು. ಯೆನ್ ಎರಡನ್ನೂ ಪಕ್ಕ ಪಕ್ಕ ಹಿಡಿದರು. ಪಟದಲ್ಲಿ ಕಿಂಡಿ ಇರಲಿಲ್ಲ. ಆ ಜಾಗ ನುಣ್ಣಗಿತ್ತು.

"ಇದೇನು?"

ಥ್ಯೆನ್‌ಗೆ ಗೊತ್ತಿರಲಿಲ್ಲ. ಉತ್ತರ ಕೊಟ್ಟವನು ದು. "ಅದು ಗೋರಿಯಿಂದ ಬಂದದ್ದು ಸಾಹೇಬ್ರೆ. ಎಪ್ಪತ್ನಾಲ್ಕರಲ್ಲಿ ಉತ್ತರದ ಗುಡ್ಡದಲ್ಲಿ ಅಗೆದಾಗ ನಾನೂ ಮಣ್ಣು ಹೊತ್ತಿದ್ದೆ. ಕೋಟೆ ದಳಪತಿಯ ಮಗಳು, ಒಂಬತ್ತು ವರ್ಷ. ಬೀಗ ತೆಗೆಯೋದು ಹನ್ನೆರಡು ತುಂಬಿದಾಗ, ಅದಕ್ಕೆ ಮುಂಚೆನೇ ಹೋದ್ಲು. ಇನ್ನು ತೆಗೆಯೋದೇನಿದೆ ಅಂತ ಅವಳಪ್ಪ ಚಿನ್ನ ಕರಗಿಸಿ ಕಿಂಡಿ ಮುಚ್ಚಿಸಿದಾನೆ. ಮುಂಚೆ ಚೀಟಿಯಲ್ಲಿ ಎಲ್ಲಾ ಬರೆದಿತ್ತು. ಹೊಸ ವರ್ಷಕ್ಕೆ ಚೀಟಿ ಚಿಕ್ಕದು ಮಾಡಿದ್ರು."

"ಚೀಟಿ ಓದೋಕೆ ಯಾರು ಬರ್ತಾರೆ," ಎಂದರು ಥ್ಯೆನ್.

ಯೆನ್ ಪಂಚನಾಮೆಯಲ್ಲಿ ಒಂದು ಸಾಲು ಹೆಚ್ಚಿಗೆ ಬರೆಸಿದರು: ಅಸಲಿಗೆ ಕಿಂಡಿಯಿಲ್ಲ, ನಕಲಿಗೆ ಇದೆ.

ದು ಮಾನ್‌ಚಾಂಗ್‌ನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಬಂಧಿಸಲಿಲ್ಲ, ಮನೆಗೂ ಬಿಡಲಿಲ್ಲ. ಮಧ್ಯಾಹ್ನ ಎರಡಕ್ಕೆ ಯೆನ್ ಬ್ಯಾಂಕಿಗೆ ಹೋದರು. ಆಗ ಜನರಿಂದ ಚಿನ್ನ ಕೊಳ್ಳುವ ಹಕ್ಕಿದ್ದದ್ದು ಬ್ಯಾಂಕಿಗೊಂದಕ್ಕೇ. ಹಬ್ಬದ ಮೇಲೆ ಒಂದು ಉಂಗುರವೂ ಬಂದಿಲ್ಲವೆಂದು ಅಲ್ಲಿಯ ಗುಮಾಸ್ತೆ ಹೇಳಿದಳು. ಗುಟ್ಟಾಗಿ ಚಿನ್ನ ಕರಗಿಸುವವನೆಂದು ಹೆಸರಾಗಿದ್ದ ಒಬ್ಬನ ಮನೆಯ ಒಲೆ ಬೂದಿಯನ್ನು ಹೌ ಕೈಯಾರೆ ಜರಡಿ ಹಿಡಿದ. ಬೂದಿ ಬಿಟ್ಟು ಏನೂ ಸಿಗಲಿಲ್ಲ.

"ಮಾರೋ ಕಳ್ಳ ಮುಡಿಕಡ್ಡಿ ಬಿಡ್ತಿದ್ನಾ?" ಯೆನ್ ದಾರಿಯಲ್ಲಿ ಕೇಳಿದರು. "ಅವು ಎರಡೂ ಸೇರಿ ಬೀಗದ ಎರಡರಷ್ಟು ತೂಕ."

"ಇಲ್ಲ ಸಾರ್."

"ಹಿಟ್ಟಿನಲ್ಲಿ ಬೀಗ ಯಾರು ಮಾಡ್ತಾರೆ?"

"ಹನ್ನೆರಡನೇ ವರ್ಷಕ್ಕೆ ಎಲ್ರ ಮನೇಲೂ ಮಾಡ್ತಾರಲ್ಲ. ಜೀವ ಹೋಗದ ಹಾಗೆ ಹುಟ್ಟಿದಾಗ ಹಾಕಿದ ಬೀಗ ಸೋದರಮಾವ ಬಂದು ತೆಗೀಬೇಕು, ಹಿಟ್ಟಿನ ಬೀಗ ತಲೆ ಮೇಲಿಂದ ಇಳಿಸ್ಬೇಕು, ಊರಿಗೆಲ್ಲ ಊಟ ಹಾಕ್ಬೇಕು. ನನಗೆ ಮಾಡಿದಾಗ ಅದನ್ನ ನಮ್ಮಣ್ಣನೇ ಅರ್ಧ ತಿಂದುಬಿಟ್ಟ."

ಯೆನ್ ನಗಲಿಲ್ಲ. "ಕದ್ದವರಿಗೆ ಅದನ್ನ ತೆಗೀಬೇಕಾಗಿದೆ," ಎಂದರು. "ಇಟ್ಕೊಳ್ಳೋಕಲ್ಲ."

ಮಾರನೇ ದಿನ, ಶುಕ್ರವಾರ, ಒಂಬತ್ತೂವರೆಗೆ ಅವರು ಮತ್ತೆ ಪೆಟ್ಟಿಗೆಯ ಮುಂದೆ ನಿಂತರು. ಒಲೆ ಉರಿಯುತ್ತಿತ್ತು. ಕೋಣೆ ಬೆಚ್ಚಗಾದಂತೆ ಒಂದು ವಾಸನೆ ಎದ್ದಿತು. ಅಗಸೆ ಎಣ್ಣೆ. ಆ ಸೀಮೆಯ ಅಡುಗೆಮನೆಗಳಲ್ಲೆಲ್ಲ ಇರುವ ವಾಸನೆಯೇ, ಆದರೆ ಇಲ್ಲಿ ಯಾರೂ ಅಡುಗೆ ಮಾಡುವುದಿಲ್ಲ. ಯೆನ್ ಗಾಜಿನ ಅಂಚಿಗೆ ಹೆಬ್ಬೆರಳು ಒತ್ತಿದರು. ಗಾಜು ಹಿಡಿದಿಡಲು ಅದೇ ಎಣ್ಣೆಯಲ್ಲಿ ನಾದಿ ಮೆತ್ತುವ ಪುಟ್ಟಿ ಮೂರು ಕಡೆ ಕಲ್ಲಿನಂತಿತ್ತು. ಹಿಂಬದಿಯ ಗಾಜಿನ ಪುಟ್ಟಿಯಲ್ಲಿ ಉಗುರು ಇಳಿಯಿತು. ಮೇಲೆ ಮಸಿ ಒರೆಸಿ ಹಳೆಯದರಂತೆ ಕಾಣಿಸಿದ್ದರು. ಕೀಲಿ ಮುಟ್ಟದೆ, ಗಾಜನ್ನೇ ಬಿಡಿಸಿ, ಬೀಗ ತೆಗೆದು, ಗಾಜನ್ನು ತಿರುಗಿ ಕೂರಿಸಿದ ಕೆಲಸ.

"ಇತ್ತೀಚೆಗೆ ಇಲ್ಲಿ ಗಾಜಿನ ಕೆಲಸ ಆಗಿದೆಯಾ?"

"ಕಿಟಕಿದು ಆಗಿದೆ," ಎಂದರು ಥ್ಯೆನ್. "ಲಾಂದ್ರದ ಹಬ್ಬದ ದಿನ ಪಟಾಕಿ ಬಿದ್ದು ಒಂದು ಗಾಜು ಹೋಯ್ತು. ಮಾರನೇ ದಿನ, ಮೂರನೇ ತಾರೀಕು, ಮನೆ ದುರಸ್ತಿ ಕಚೇರಿಯವರು ಬಂದು ಹಾಕಿದ್ರು."

"ಹೊರಗಿನವರು ಯಾರೂ ಬಂದಿಲ್ಲ ಅಂತ ನಿನ್ನೆ ಹೇಳಿದ್ರಿ."

"ಬಂದಿಲ್ಲ. ಅವರು ಕೆಲಸದವರು."

ದುರಸ್ತಿ ಕಚೇರಿಯ ಮೇಸ್ತ್ರಿಯನ್ನು ಹನ್ನೊಂದೂವರೆಗೆ ಕರೆತಂದರು. ಅವನು ಪುಟ್ಟಿಯ ಮೂಲೆಗಳನ್ನು ನೋಡಿ ತಲೆ ಕೆರೆದುಕೊಂಡ. "ನಾನು ಹೇಳ್ದೆ ಅಂತ ಬರೀಬೇಡಿ."

"ಬರೀತೀನಿ. ಹೇಳಿ."

"ಗಾಯ್‌ಶ್ಯೆನ್ ಕೈ ಇದು. ಗಂಡಸರು ಮೂಲೆಯನ್ನ ಚಾಕುವಿನಿಂದ ಎಳೀತಾರೆ. ಅವಳು ಕಡುಬಿನ ಅಂಚು ಮಡಿಸಿದ ಹಾಗೆ ಚಿವುಟ್ತಾಳೆ. ಎಷ್ಟು ಸಲ ಬೈದಿದೀನಿ, ಇದೇನು ನಿನ್ನ ಅಡುಗೆಮನೆನಾ ಅಂತ. ಆದ್ರೆ ಅವಳು ಹಾಕಿದ ಗಾಜು ಇವತ್ತಿನವರೆಗೆ ಒಂದೂ ಬಿದ್ದಿಲ್ಲ."

ಬರೆಯುತ್ತಿದ್ದ ಹೌ ಲೇಖನಿ ನಿಲ್ಲಿಸಿದ. "ಮಿ ಗಾಯ್‌ಶ್ಯೆನ್? ಅವಳು ನಮ್ಮ ಓಣಿಯವಳು ಸಾರ್. ಅವಳಮ್ಮ..." ಅವನು ಯಾವತ್ತೂ ಮಾತಿಗೆ ತಡಕಾಡಿದವನಲ್ಲ. ಈಗ ತಡಕಾಡಿದ. "ಅವಳಮ್ಮ ಹೋಗ್ತಾನೂ ಇಲ್ಲ, ಇರ್ತಾನೂ ಇಲ್ಲ. ಎಂಬತ್ತು ದಿನ ಆಯ್ತು. ಆಸ್ಪತ್ರೆಯವರು ಮನೆಗೆ ಕಳಿಸಿದ್ರು. ನಮ್ಮಮ್ಮ ನವಣೆ ಗಂಜಿ ತಗೊಂಡು ಹೋಗ್ತಾಳೆ, ತುಟಿ ಬಿಚ್ಚಲ್ಲ. ಬೆನ್ನೆಲ್ಲ ಹುಣ್ಣು. ರಾತ್ರಿಹಗಲು ಕೊರಳಿಗೆ ಕೈ ಹಾಕ್ಕೊಂಡು ಒಂದೇ ಮಾತು, ತೆಗೀರಿ, ತೆಗೀರಿ ಅಂತ. ಏನು ತೆಗೀಬೇಕೋ ಓಣಿಯವರಿಗೆ ಗೊತ್ತಾಗಿಲ್ಲ."

ಠಾಣೆಗೆ ಹಿಂದಿರುಗಿ ಯೆನ್ ಬೆಂಚಿನ ಮೇಲಿದ್ದ ದುವನ್ನು ಕೇಳಿದರು. "ಗಾಜಿನ ಗಾಯ್‌ಶ್ಯೆನ್ ನಿಮಗೆ ಗೊತ್ತಾ?"

"ಗೊತ್ತು. ಪಾಪದವಳು. ಅವಳಮ್ಮ ನಮ್ಮೂರ ಕಡೆಯವಳು, ಶಾಂಗ್‌ಜ್ಯಾವಾದವಳು. ಮೂರನೇ ತಾರೀಕು ಕೆಲಸ ಮಾಡುವಾಗ ನಾನೇ ಅವಳಿಗೆ ಬಿಸಿನೀರು ಕಾಯಿಸೋಕೆ ಹಿಂದಕ್ಕೆ ಹೋಗಿದ್ದೆ. ಆಮೇಲೆ ಮೂರು ಸಲ ಬಂದ್ಲು. ಮಾಮ, ಒಂದು ಗಳಿಗೆ ಮನೆಗೆ ಬಂದು ಹೋಗು, ಸಣ್ಣದೊಂದು ಕೆಲಸ ಇದೆ ಅಂತ. ಊಟಕ್ಕೆ ಕರೀತಾಳೆ ಅಂದ್ಕೊಂಡು ಆಗಲಿ ನೋಡೋಣ ಅಂತಿದ್ದೆ."

"ಮಾಮ ಅಂದ್ಲಾ?"

"ತಾಯಿಯ ತವರಿನ ಗಂಡಸರೆಲ್ಲ ಮಾವಂದಿರೇ ಅಲ್ವಾ ಸಾಹೇಬ್ರೆ."

ಯೆನ್ ಟೋಪಿ ಹಾಕಿಕೊಂಡರು.

ಎರಡು ಗಂಟೆ ಇಪ್ಪತ್ತು ನಿಮಿಷ. ಪೂರ್ವದ ಓಣಿ, ಕೊನೆಯ ಮನೆ. ಬಾಗಿಲು ತೆರೆದೇ ಇತ್ತು. ಒಳಗೆ ಕೆಳಗಿಂದ ಬೆಂಕಿ ಹಾಕಿ ಕಾಯಿಸುವ ಇಟ್ಟಿಗೆ ಜಗಲಿಯ ಮೇಲೆ ಎಪ್ಪತ್ತೆಂಟರ ಮುದುಕಿ ಮಲಗಿದ್ದಳು. ಮೈ ಎಂಬುದು ಹೊದಿಕೆಯೊಳಗೆ ಇದೆಯೋ ಇಲ್ಲವೋ ತಿಳಿಯದಷ್ಟು. ಕೊರಳಲ್ಲಿ ಕೆಂಪು ದಾರ, ದಾರದಲ್ಲಿ ಚಿನ್ನದ ಬೀಗ. ಬೀಗ ಉಸಿರಿನ ಜೊತೆ ಏರುತ್ತಿತ್ತು, ಇಳಿಯುತ್ತಿತ್ತು. ಪಕ್ಕದಲ್ಲಿ ನಲವತ್ತು ದಾಟಿದ ಹೆಂಗಸು, ಬೆರಳುಗಳ ತುಂಬ ಗಾಜಿನ ಹಳೆಯ ಗಾಯಗಳು, ಕೈಯಲ್ಲಿ ಹೊದಿಕೆ ಹೊಲಿಯುವ ದಬ್ಬಣ.

"ಮಿ ಗಾಯ್‌ಶ್ಯೆನ್ ನೀವೇನಾ?"

"ಬಾಗಿಲು ಹಾಕಿ ಬನ್ನಿ. ಅಮ್ಮನಿಗೆ ಗಾಳಿ ತಾಗತ್ತೆ." ಅವಳು ಹಿಂದೆ ಬಂದ ಹೌನನ್ನೂ ನೋಡಿದಳು. "ನೀನೂ ಬಂದ್ಯಾ. ನಿಮ್ಮಮ್ಮನ ಪಾತ್ರೆ ಅಲ್ಲಿದೆ, ತೊಳೆದಿಟ್ಟಿದೀನಿ, ಹೋಗುವಾಗ ತಗೊಂಡು ಹೋಗು."

"ಆ ಬೀಗ ಎಲ್ಲಿಂದ ಬಂತು?" ಯೆನ್ ಕೇಳಿದರು.

"ನಮ್ಮಮ್ಮಂದು."

"ಎಲ್ಲಿಂದ ತಂದಿರಿ ಅಂತ ಕೇಳಿದೆ."

"ನೀವು ಬಂದಿದೀರಲ್ಲ, ಗೊತ್ತಾಗಿಯೇ ಬಂದಿರ್ತೀರಿ." ಅವಳು ತಾಯಿಯ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. "ಹನ್ನೊಂದು ತುಂಬಿದಾಗ ಇವಳನ್ನ ಎರಡು ಮೂಟೆ ಜೋಳಕ್ಕೆ ಮಿ ಮನೆಗೆ ಸೊಸೆ ಅಂತ ಕೊಟ್ಟುಬಿಟ್ರು. ಕೀಲಿಯನ್ನ ಅಂಗಿ ಅಂಚಿಗೆ ಹೊಲಿದು ಕಳಿಸಿದ್ರು, ಹನ್ನೆರಡಕ್ಕೆ ಮಾವ ಬಂದು ತೆಗೀತಾನೆ ಅಂತ. ಅತ್ತೆಮನೆಯವರು ತವರಿನವರನ್ನ ಹೊಸ್ತಿಲು ತುಳಿಯೋಕೆ ಬಿಡಲಿಲ್ಲ. ಬೀಗ ಹಾಗೇ ಉಳೀತು. ಹಳೇ ವಸ್ತು ಯಾರ ಹತ್ರವೂ ಇರಬಾರದು ಅಂತ ಕ್ರಾಂತಿಯ ಹುಡುಗರು ಮನೆಗಳನ್ನ ಜಾಲಾಡಿದ ವರ್ಷ ಅದನ್ನೂ ತಗೊಂಡು ಹೋದ್ರು. ವಾಪಸ್ ಕೊಡ್ತಾರೆ ಅಂತ ಸುದ್ದಿ ಬಂದಾಗ ಅರ್ಜಿ ಹಾಕಿದ್ವಿ. ಮೂರು ಸಲ. ಚೀಲಿನ್ ಇರೋ ಚಿನ್ನದ ಬೀಗ ಅಂತ ಬರೆಸಿದ್ವಿ. ಅಂಥದ್ದು ಪಟ್ಟಿಯಲ್ಲಿಲ್ಲ ಅಂದ್ರು. ಆ ದಿನ ಕಿಟಕಿಗೆ ಅಳತೆ ತಗೊಳೋಕೆ ಹೋದ್ರೆ ಗಾಜಿನೊಳಗೆ ಕೂತಿತ್ತು, ಚೀಟಿಯಲ್ಲೂ ಚಿನ್ನದ ಆಯುಷ್ಯದ ಬೀಗ ಅಂತಲೇ ಇತ್ತು. ಬೆಳಗ್ಗೆ ಅಳತೆ, ಮಧ್ಯಾಹ್ನ ಕೆಲಸ. ಅಷ್ಟರಲ್ಲಿ ಮನೆಗೆ ಬಂದು ಹಿಟ್ಟು ನಾದಿದೆ."

"ಆಮೇಲೆ?"

"ಇವಳ ಮಾವ ಯಾವತ್ತೋ ಹೋದ, ತವರಿನ ಗಂಡಸಾದ್ರೂ ತೆಗೀಲಿ ಅಂತ ದು ಮಾಮನ್ನ ಕರೆದೆ, ಬರಲಿಲ್ಲ. ಬಂದಿದ್ರೂ ಇದು ತೆಗೆಯಲ್ಲ." ಅವಳು ಬೀಗದ ತುದಿ ತೋರಿಸಿದಳು. ನುಣುಪು ಚಿನ್ನದ ಮೇಲೆ ದಬ್ಬಣದ ಸಣ್ಣ ಸಣ್ಣ ಗೀರುಗಳು. "ಎಂಟು ದಿನ ಆಯ್ತು. ಕಿಂಡಿ ಎಲ್ಲಿ ಹೋಯ್ತೋ. ಅವರೇ ಮುಚ್ಚಿಸಿರ್ಬೇಕು. ಮೆಲ್ಲಗೆ ಕೆದಕ್ತೀನಿ, ಜೋರಾಗಿ ಕೆದಕೋಕೆ ಕೈ ಬರಲ್ಲ. ಒಡೆದ್ರೆ ಆಯುಷ್ಯ ಒಡೆದ ಹಾಗೆ."

"ಆಯುಷ್ಯ ಮುಗೀಲಿ ಅಂತ ತಾನೇ ನೀವು ಕೇಳ್ತಿರೋದು?"

"ಮುಗಿಯೋದು ಬೇರೆ ಸಾಹೇಬ್ರೆ, ಒಡೆಯೋದು ಬೇರೆ."

ಮುದುಕಿಯ ಕೈ ಹೊದಿಕೆಯಿಂದ ಹೊರಬಂದು ಕೊರಳನ್ನು ತಡಕಿತು. ಬೆರಳು ಬೀಗಕ್ಕೆ ತಾಗಿತು, ಅದನ್ನು ಬಿಟ್ಟು ಪಕ್ಕಕ್ಕೆ ಹೋಯಿತು, ಮತ್ತೇನನ್ನೋ ಹುಡುಕಿತು. "ತೆಗೀರಿ," ಎಂದಳು.

ಹೇಳದೆ ವಿಧಿಯಿರಲಿಲ್ಲ. ಯೆನ್ ಹೇಳಿದರು. ಗೋರಿಯ ವಿಷಯ, ಒಂಬತ್ತು ವರ್ಷದ ಹುಡುಗಿಯ ವಿಷಯ, ಕಿಂಡಿಯನ್ನು ಮುಚ್ಚಿದವರು ಯಾರು ಎಂಬ ವಿಷಯ. ತನಿಖೆಯ ವರದಿ ಓದುವವರ ಹಾಗೆ, ಒಂದಾದ ಮೇಲೊಂದು.

ಗಾಯ್‌ಶ್ಯೆನ್ ಎರಡು ಕೈಯಿಂದ ದಾರವನ್ನು ತಾಯಿಯ ತಲೆಯ ಮೇಲಿಂದ ತೆಗೆದಳು, ಕೂದಲಿಗೆ ತಾಗದ ಹಾಗೆ. ಬೀಗವನ್ನು ನೆಲದ ಮೇಲಿಟ್ಟಳು. ಬಕೆಟ್ಟಿನ ನೀರಿನಲ್ಲಿ ಕೈ ತೊಳೆದಳು, ತಾಯಿಯ ಕೊರಳು ತೊಳೆದಳು, ಮತ್ತೆ ಕೈ ತೊಳೆದಳು.

"ಎಂಟು ದಿನ," ಎಂದಳು. "ಸತ್ತ ಮಗುವಿನ ಬೀಗ ನಾನೇ ಹಾಕಿದೀನಿ. ಅದಕ್ಕೇ ಹೋಗೋಕೆ ಆಗಿಲ್ಲ ಇವಳಿಗೆ. ಇದ್ದ ಬೀಗ ಸಾಲದು ಅಂತ ಇನ್ನೊಂದು ಹಾಕಿದೀನಿ." ಅವಳು ಅಂಗೈಯಿಂದ ತನ್ನ ಹಣೆಯನ್ನು ಬಡಿದುಕೊಂಡಳು, ಒಂದು ಸಲ, ಎರಡು ಸಲ. ಹೌ ಅವಳ ಮಣಿಕಟ್ಟು ಹಿಡಿದ.

"ಬಿಡು ಅಕ್ಕ."

"ಹಾಗಾದ್ರೆ ನಮ್ಮಮ್ಮಂದು ಎಲ್ಲಿದೆ?"

ಎರಡು ಗಂಟೆ ಐವತ್ತಕ್ಕೆ ಜಪ್ತಿ ಮಹಜರು ಆಯಿತು. ವಸ್ತು ಒಂದು, ಚಿನ್ನದ ಬೀಗ, ತೂಕ ಅರವತ್ತೆರಡು ಗ್ರಾಂ. ವಸ್ತು ಎರಡು, ಆರೋಪಿಯ ಕೊರಳಿನಲ್ಲಿದ್ದ ಒಂದು ಬೆರಳುದ್ದದ ಹಿತ್ತಾಳೆ ಕೀಲಿ. ಕೀಲಿ ಕೊಡುವಾಗ ಅವಳ ಮುಷ್ಟಿಯನ್ನು ಯೆನ್ ಬಿಡಿಸಬೇಕಾಯಿತು.

ಕೋಳ ಹಾಕಲಿಲ್ಲ. ಹೊಸ್ತಿಲಲ್ಲಿ ಅವಳು ನಿಂತಳು. "ಇವಳ ಹತ್ರ ಯಾರಿರ್ತಾರೆ?"

"ಹೌ ಇರ್ತಾನೆ."

"ಗಂಟೆಗೊಂದು ಸಲ ಮಗ್ಗುಲು ಬದಲಿಸು," ಎಂದಳು ಹೌಗೆ. "ಎಡಗಡೆ ಹುಣ್ಣು ಜಾಸ್ತಿ. ಎತ್ತುವಾಗ ಸೊಂಟಕ್ಕೆ ಕೈ ಕೊಡು, ತೋಳು ಎಳೀಬೇಡ. ನೀನು ಏನಾದ್ರೂ ಮಾತಾಡ್ತಾ ಇರು. ನಿನಗೆ ಅದು ಬರತ್ತೆ."

ಠಾಣೆಯಲ್ಲಿ ದುವನ್ನು ಬಿಡುಗಡೆ ಮಾಡಿದರು. ಅವನು ಹೋಗಲಿಲ್ಲ. ಮೇಜಿನ ಮೇಲಿದ್ದ ಕೀಲಿಯನ್ನೇ ನೋಡುತ್ತ ನಿಂತ.

"ಸಾಹೇಬ್ರೆ, ಉಗ್ರಾಣದಲ್ಲಿ ಒಂದು ಮೂಟೆ ಇದೆ. ಮನೆಗಳನ್ನ ಜಾಲಾಡಿದ ವರ್ಷದ್ದೇ. ದಾರದಲ್ಲಿ ಪೋಣಿಸಿದ ಬೀಗಗಳು, ಮೂವತ್ತೊಂದು. ಎಲ್ಲಾ ಬೆಳ್ಳಿ. ದರ್ಜೆ ಇಲ್ಲ, ಚೀಟಿ ಇಲ್ಲ. ಯಾರಾದ್ರೂ ಬಂದು ನಮ್ಮದು ಬೆಳ್ಳಿದು ಅಂದಿದ್ರೆ ಹೆಬ್ಬೆಟ್ಟು ಒತ್ತಿಸಿ ಕೊಟ್ಟು ಕಳಿಸ್ತಿದ್ವಿ."

"ಅವರು ಚಿನ್ನ ಅಂತ ಬರೆಸಿದ್ರು."

"ಚಿಕ್ಕಂದಿನಲ್ಲಿ ಹಳದಿಯಾಗಿ ಹೊಳೀತಿತ್ತು ಅಂದ್ರೆ ಮಗು ಚಿನ್ನ ಅಂದ್ಕೊಳ್ಳತ್ತೆ. ಬೆಳ್ಳಿಗೆ ಚಿನ್ನದ ನೀರು ಹಾಕಿಸ್ತಿದ್ರು ಆಗೆಲ್ಲ. ಬಡವರ ಚಿನ್ನ."

ಯೆನ್ ಕಾಗದ ತೆಗೆದುಕೊಂಡರು. ಜಪ್ತಿಯಾದ ಕೀಲಿ ಯಾವ ವಸ್ತುವಿಗೆ ಸೇರಿದ್ದೆಂದು ಪರೀಕ್ಷಿಸುವುದು ತನಿಖಾಧಿಕಾರಿಯ ಕರ್ತವ್ಯ. ನಾಲ್ಕು ಗಂಟೆಗೆ ಅದೇ ಇಬ್ಬರು ಪಂಚರನ್ನು ಉಗ್ರಾಣಕ್ಕೆ ಕರೆಸಿದರು. ಥ್ಯೆನ್ ಬಾಗಿಲಲ್ಲಿ ನಿಂತು, ಬೀಗ ಸಿಕ್ಕ ಮೇಲೂ ಇದೆಲ್ಲ ಯಾಕೆ ಎಂದರು. ಯೆನ್ ಹೇಳಿದರು, "ನಿಮ್ಮ ಚೀಟಿ ಚಿಕ್ಕದಾಯ್ತು, ನನ್ನ ವರದಿ ಚಿಕ್ಕದಾಗೋದು ಬೇಡ."

ಕಪ್ಪಿಟ್ಟ ಬೀಗಗಳನ್ನು ಸಾಲಾಗಿ ಇಟ್ಟರು. ಮೂವತ್ತೊಂದು ಮಕ್ಕಳ ಕೊರಳಿನವು. ಕೆಲವಕ್ಕೆ ಕಿಂಡಿಯೇ ಇರಲಿಲ್ಲ, ಬರೀ ಬೀಗದ ಆಕಾರ. ಕೆಲವಕ್ಕೆ ಕೀಲಿ ಹೋಗಿ ತಿರುಗಲಿಲ್ಲ. ಒಂದೊಂದಕ್ಕೂ ಮೇಷ್ಟ್ರು ಇಲ್ಲ ಎಂದು ಬರೆದರು. ಹದಿನೇಳನೆಯದನ್ನು ಯೆನ್ ತೋಳಿನ ಬಟ್ಟೆಯಿಂದ ಒರೆಸಿದರು. ಮಗುವನ್ನು ಹೊತ್ತ ಚೀಲಿನ್. ಅದರ ಕತ್ತಿನ ಮಡಿಕೆಯಲ್ಲಿ, ಉಜ್ಜಿ ಸವೆಯದೆ ಉಳಿದ ಒಂದು ನವಣೆ ಕಾಳಿನಷ್ಟು ಹಳದಿ.

ಅವರು ಕೀಲಿಯನ್ನು ಕಿಂಡಿಗೆ ಇಟ್ಟರು. ಸರಿಯಾಗಿ ಕೂತಿತು. ಆದರೆ ತಿರುಗಿಸಲಿಲ್ಲ. ಕೈ ತೆಗೆದು ಬೀಗವನ್ನು ಹಾಗೇ ದು ಮಾನ್‌ಚಾಂಗ್‌ನ ಮುಂದೆ ಸರಿಸಿದರು.

"ಶಾಂಗ್‌ಜ್ಯಾವಾದವರು ನೀವು ತಾನೇ."

ಮುದುಕ ಟೋಪಿಯನ್ನು ತಲೆಗೆ ಹಾಕಿಕೊಂಡ, ಅಂಗಿಯ ಗುಂಡಿ ಹಾಕಿಕೊಂಡ. ಬಾಯಲ್ಲಿ ಏನೋ ಅಂದುಕೊಂಡ, ಹನ್ನೆರಡು ತುಂಬಿದ ಮಕ್ಕಳಿಗೆ ಅನ್ನುವಂಥದ್ದು. ತಿರುಗಿಸಿದ. ಅರವತ್ತಾರು ವರ್ಷ ತಡವಾಗಿದ್ದ ಬೀಗ ಅಷ್ಟು ಸುಲಭವಾಗಿ ತೆರೆದುಕೊಂಡೀತೆಂದು ಯಾರೂ ಎಣಿಸಿರಲಿಲ್ಲ. ಕಡಲೆ ಸಿಪ್ಪೆ ಒಡೆದಷ್ಟೇ ಸದ್ದು.

ಪಂಚನಾಮೆಯಲ್ಲಿ ಬರೆದರು: ಕ್ರಮಸಂಖ್ಯೆ ಹದಿನೇಳು, ಬೆಳ್ಳಿಯ ಬೀಗ, ಜಪ್ತಿಯಾದ ಕೀಲಿಗೆ ತೆರೆದುಕೊಂಡಿದೆ, ಸಮಯ ನಾಲ್ಕು ಇಪ್ಪತ್ತೈದು.

ಐದು ಗಂಟೆ ಐದು ನಿಮಿಷಕ್ಕೆ ಓಣಿಯ ವಿನೆಗರ್ ಅಂಗಡಿಯಿಂದ ಹೌ ಫೋನ್ ಮಾಡಿದ. ಅವನು ಆ ದಿನ ಕಡಿಮೆ ಮಾತಾಡಿದ. "ಅಜ್ಜಿ ಹೋದ್ರು ಸಾರ್. ಕೈ ಕೊರಳಿಂದ ತಾನಾಗಿ ಕೆಳಗೆ ಬಂತು, ಆಮೇಲೆ ಸ್ವಲ್ಪ ಹೊತ್ತಿಗೆ. ಡಾಕ್ಟರ್ ನಾಲ್ಕೂ ಐವತ್ತು ಅಂತ ಬರೆದ್ರು." ಆ ಸಮಯ ಆಸ್ಪತ್ರೆಯ ಕಡತದಲ್ಲಿದೆ, ಬೀಗ ತೆರೆದ ಸಮಯ ಠಾಣೆಯ ಕಡತದಲ್ಲಿದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವುದು ಯಾರ ಕೆಲಸವೂ ಅಲ್ಲ.

ಬಂಧನದ ಹಾಳೆಯಲ್ಲಿ ಉದ್ದೇಶ ಎಂಬ ಕಡೆ ಖಾಲಿ ಬಿಟ್ಟಿದ್ದರು. ಯೆನ್ ಅಲ್ಲಿ ತುಂಬಿದರು: ಮಾರಾಟಕ್ಕಲ್ಲ. ತಾಯಿಯನ್ನು ಕಳಿಸಿಕೊಡುವುದಕ್ಕೆ. ಅಷ್ಟರಿಂದ ಹತ್ತು ವರ್ಷ ಕಡಿಮೆಯಾಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆಮೇಲೆ ಒಳಗೆ ಹೋಗಿ ಕಂಬಿಯ ಈಚೆ ನಿಂತರು.

ಅವಳು ಅವರ ಮುಖ ನೋಡಿ ಎದ್ದು ನಿಂತಳು. "ಹೋದ್ಲಾ?"

"ಹೋದ್ರು. ನಿಮ್ಮಮ್ಮನ ಬೀಗ ಉಗ್ರಾಣದಲ್ಲಿತ್ತು. ನಿಮ್ಮ ಕೀಲಿಗೆ ತೆಗೀತು. ತೆಗೆದ ಮೇಲೆ ಹೋದ್ರು."

"ಯಾರು ತಿರುಗಿಸಿದ್ರು?"

"ದು ಮಾನ್‌ಚಾಂಗ್."

"ಮಾಮ." ಅವಳು ಕಂಬಿಯನ್ನು ಹಿಡಿದುಕೊಂಡಳು. "ಎಲ್ಲರೂ ನಗ್ತಿದ್ರು ಸಾಹೇಬ್ರೆ. ಎರಡು ಮೂಟೆ ಜೋಳಕ್ಕೆ ಬಂದ ಹುಡುಗಿಗೆ ಚಿನ್ನದ ಬೀಗ ಎಲ್ಲಿಂದ ಬರತ್ತೆ ಅಂತ. ಸಾಯೋವರೆಗೂ ಹೇಳ್ತಿದ್ಲು, ನಮ್ಮಪ್ಪ ನನಗೆ ಚಿನ್ನದ್ದೇ ಮಾಡಿಸಿದ್ದ ಅಂತ. ನೀವು ಕಣ್ಣಾರೆ ನೋಡಿದ್ರಲ್ಲ. ಚಿನ್ನದ್ದೇ ತಾನೇ?"

ಯೆನ್‌ಗೆ ಆ ನವಣೆ ಕಾಳಿನಷ್ಟು ಹಳದಿ ನೆನಪಾಯಿತು. ಪಂಚನಾಮೆಯಲ್ಲಿ ಬೆಳ್ಳಿ ಎಂದು ಬರೆಸಿ, ಇಬ್ಬರು ಪಂಚರ ರುಜು ಹಾಕಿಸಿ, ತಾವೂ ಹಾಕಿ ಬಂದಿದ್ದರು.

"ಚಿನ್ನದ್ದೇ," ಎಂದರು.